ಮೇಲಿನ ಸ್ವರಕ್ಕೊಂದು ಮಿಕ್ಸಿ

ದಿನವೂ ಅಭ್ಯಾಸ ಮಾಡುವ ಪಾಶ್ಚಾತ್ಯ ಸಂಗೀತದ ಕನ್ಸರ್ಟೋ ಕೃತಿಯ ಕೊನೆಯ ಸಾಲಿನ ಆ ಮೇಲಿನ ಸ್ವರ ಇವತ್ತು ಸೊಸೆಯ ಟ್ರಂಪೆಟ್ಟಿನಿಂದ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಅದೇ ಗಳಿಗೆಗೆ ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆಂದಿತು. ದಿನವೂ ಇದೇ ಗೋಳು. ಅವಳು ಆ ಸ್ವರಕ್ಕೆ ಬರುವುದೇ ತಡ, ಅತ್ತೆಗೆ ರುಬ್ಬುವ ಕೆಲಸ. ಮೈಯೆಲ್ಲ ಉರಿದುಹೋಗಿ, ಟ್ರಂಪೆಟ್ ಹಿಡಿದೇ ಒಳಗೆ ನುಗ್ಗಿದಳು.

ಜಾರಿನಲ್ಲಿ ಏನೂ ಇರಲಿಲ್ಲ.

"ಖಾಲಿ ಜಾರು ತಿರುಗಿಸ್ತಿದ್ದೀರಲ್ಲ ಅತ್ತೆ!"

ಅತ್ತೆ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಮುಚ್ಚಳ ಒರೆಸತೊಡಗಿದರು. "ಅಲ್ಲಿಗೆ ಬಂದಾಗೆಲ್ಲ ನಿನ್ನ ಸ್ವರ ಒಡೆಯುತ್ತಲ್ಲಮ್ಮ. ಪಕ್ಕದ ಮನೆಯವಳು ಕೇಳಿಸ್ಕೊಂಡು ನಗಬಾರದು ಅಂತ..."

ಸೊಸೆಯ ಸಿಟ್ಟು ಅಲ್ಲೇ ಕರಗಿತು. "ಇವತ್ತು ಒಡೀಲಿಲ್ಲ ಅತ್ತೆ."

"ಅಯ್ಯೋ, ಅದನ್ನೇ ಮುಚ್ಚಿಹಾಕಿಬಿಟ್ನಾ?" ಅತ್ತೆ ಮಿಕ್ಸಿಯ ಪ್ಲಗ್ ಕಿತ್ತರು; ಪಕ್ಕದ ಮನೆಯ ಕಡೆಗಿನ ಕಿಟಕಿಯ ಎರಡೂ ಬಾಗಿಲು ತೆರೆದರು. "ಹೂಂ, ಇಲ್ಲೇ ನಿಂತು ಊದು."