ಬಾಲದ ಕೊಕ್ಕೆ

ಪಂಕ್ಚರ್ ಸೊಲ್ಯೂಷನ್ನಿನ ವಾಸನೆ. ಪೈಲಟ್ ತಾತ ಹುಡುಗನಾಗಿದ್ದಾಗ ಅಪ್ಪನ ಸೈಕಲ್ ಅಂಗಡಿಯ ಮೂಲೆಯಲ್ಲಿ ಕೂತು ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದ ಆ ವಾಸನೆಯೇ ಪ್ಲಾಸ್ಟಿಕ್ ಅಂಟಿಸುವ ಗೋಂದಿನ ಪುಟ್ಟ ಸೀಸೆಯಿಂದ ಎದ್ದು ಬಂದಿತ್ತು. "ತೇಪೆ ಹಾಕಿ ಬೆಳೆದವನಿಗೆ ತೇಪೆ ಎಲ್ಲಿದ್ದರೂ ಕಣ್ಣಿಗೆ ಹೊಡೆಯುತ್ತೆ ಕಣೋ" ಎನ್ನುತ್ತಿದ್ದರು ಅಪ್ಪ. ತಾತ ಸೀಸೆಯ ಮುಚ್ಚಳ ತಿರುಗಿಸಿ ಬದಿಗಿಟ್ಟರು. ಆಮೇಲೆ, ನಿನ್ನೆ ತಾವೇ ಅಂಟಿಸಿದ್ದ, ಮಾದರಿ ವಿಮಾನದ ಚಕ್ರ ಮುಚ್ಚುವ ಪುಟ್ಟ ಬಾಗಿಲುಗಳನ್ನು ಬ್ಲೇಡಿನ ತುದಿಯಿಂದ ಕಿತ್ತುಹಾಕಿದರು.

ಅಂಗೈಯಗಲದ ವಿಮಾನ. ಯುದ್ಧದ ಕಾಲದಲ್ಲಿ ಹಡಗಿನ ಮೇಲಿಂದ ಹಾರುತ್ತಿದ್ದ ಜಾತಿಯದು. ಬಿಡಿಭಾಗಗಳ ಪೆಟ್ಟಿಗೆಯ ಜೊತೆ ಬಂದ ಹಾಳೆಯಲ್ಲಿ ಎರಡು ಚಿತ್ರಗಳಿದ್ದವು. ಒಂದರಲ್ಲಿ ವಿಮಾನ ಚಕ್ರ ಮಡಚಿಕೊಂಡು ಹಾರುತ್ತಿತ್ತು. ಇನ್ನೊಂದರಲ್ಲಿ ಚಕ್ರ ಇಳಿದಿತ್ತು, ಬಾಲದ ಅಡಿಯಿಂದ ಕೊಕ್ಕೆಯೊಂದು ಜೋತಿತ್ತು. ನಿನ್ನೆ ತಾತ ಮೊದಲನೆಯದನ್ನು ಮಾಡಿ ಮುಗಿಸಿದ್ದರು. ರಾತ್ರಿ ಕಣ್ಣು ಹತ್ತಿರಲಿಲ್ಲ.

ಪೆಟ್ಟಿಗೆ ತಂದುಕೊಟ್ಟವಳು ಕೆಳಗಿನ ಮೆಸ್ಸಿನ ಅಕ್ಕ. ಮೆಸ್ಸಿನ ಗೋಡೆಯ ಮೇಲೆ ಅವಳ ಅಣ್ಣನ ಫೋಟೊ ಇದೆ. ಇಂಥದೇ ವಿಮಾನದ ಮುಂದೆ ನಿಂತು ನಗುತ್ತಿರುವ ಹುಡುಗ. ಬಿಸಿಲಿಗೆ ಫೋಟೊದಲ್ಲಿನ ವಿಮಾನ ಮಾಸಿಹೋಗಿತ್ತು, ನಗು ಮಾತ್ರ ಉಳಿದಿತ್ತು. "ಒಂದೇ ಹಡಗಲ್ಲಿದ್ದೋರು ನೀವು. ನೀವಲ್ಲದೆ ಇನ್ಯಾರು ಮಾಡಿಕೊಡ್ತಾರೆ?" ಎಂದಿದ್ದಳು.

ತಾತನಿಗೆ ಪೈಲಟ್ ಎಂದು ಹೆಸರಿಟ್ಟದ್ದು ಬೀದಿಯವರು. ನೌಕಾಪಡೆಯ ಪಿಂಚಣಿ, ಆಕಾಶ ನೋಡುತ್ತ ನಿಲ್ಲುವ ಅಭ್ಯಾಸ, ಅಷ್ಟು ಸಾಕಾಗಿತ್ತು ಅವರಿಗೆ. ತಾತ ತಿದ್ದಲು ಹೋಗಲಿಲ್ಲ. ನೌಕರಿ ಮುಗಿದ ಮೇಲೆ ಎಷ್ಟೋ ಊರು ಅಲೆದು, ಕೊನೆಗೆ ಈ ಬೀದಿಗೆ ಬಂದು, ಈ ಮೆಸ್ಸಿನ ಮೇಲಿನ ಕೋಣೆಯನ್ನೇ ಕೇಳಿ ಬಾಡಿಗೆಗೆ ಹಿಡಿದಿದ್ದರು. ಹಡಗಿನಲ್ಲಿ ಆ ಹುಡುಗ ತಂಗಿಯ ಕೈರುಚಿಯನ್ನು ಅಷ್ಟು ಹೊಗಳುತ್ತಿದ್ದ.

ಹೊಗಳಿಕೆ ಸುಳ್ಳಾಗಿರಲಿಲ್ಲ. ತಾತನ ಹಲ್ಲು ಉದುರಿದಾಗಿನಿಂದ ಅಕ್ಕ ಅವರ ಪಾಲನ್ನು ಬೇರೆ ತೆಗೆದು, ಇನ್ನಷ್ಟು ಮೆತ್ತಗೆ ಬೇಯಿಸಿ, ದಿನಾ ಸಂಜೆ ತಾನೇ ಮೆಟ್ಟಿಲು ಹತ್ತಿ ತರುತ್ತಿದ್ದಳು. ಆ ವಿಷಯವನ್ನು ಅವಳೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಡಬ್ಬಿ ಬಿಚ್ಚಿಟ್ಟು ಬಾಗಿಲ ಬಳಿ ಕೂತು ನಾಲ್ಕು ಮಾತಾಡುತ್ತಿದ್ದಳು. ತಾತನೊಡನೆ ಇಡೀ ದಿನಕ್ಕೆ ಮಾತಾಡುವ ಜೀವ ಅದೊಂದೇ.

ಅಣ್ಣ ದೂರದ ಸಮುದ್ರದಲ್ಲಿ ಶತ್ರುವಿನ ಗುಂಡಿಗೆ ಬಿದ್ದನೆಂದು ನೌಕಾಪಡೆಯವರು ಮನೆಗೆ ತಿಳಿಸಿದ್ದರು. ಅವಳು ನಂಬಿದ್ದಳು. ಆದರೂ ಆಗಾಗ ಕೆದಕುವಳು.

"ಅವತ್ತು ನೀವೂ ಹಾರಿದ್ರಾ?"

"ಇಲ್ಲಮ್ಮ. ನಾನು ಹಡಗಿನ ಡೆಕ್ ಮೇಲೇ ಇದ್ದೆ."

"ನಿಮ್ಮ ಆಯುಷ್ಯ ಗಟ್ಟಿ, ಬಿಡಿ."

ತಾತ ಅರ್ಧ ಊಟಕ್ಕೇ ಕೈ ತೊಳೆಯಲು ಏಳುತ್ತಿದ್ದರು.

ಈಗ ತಾತ ಇಕ್ಕಳದಿಂದ ಚಕ್ರಗಳನ್ನು ಎತ್ತಿ, ಇಳಿಬಿಟ್ಟ ಹಾಗೆ ಅಂಟಿಸಿದರು. ವಿಮಾನದ ಬೆನ್ನಿಗೆ ಬಣ್ಣ ಬಳಿದದ್ದು ಒಂದೇ ಕೈ. ಪೈಲಟ್ ಕೂರುವ ಪುಟ್ಟ ಕುರ್ಚಿಯನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಹೊಟ್ಟೆಯ ಮೇಲೆ ಮಾತ್ರ ದಿನಗಟ್ಟಲೆ ಬಗ್ಗಿದ್ದರು. ಎಣ್ಣೆ ಸೋರಿದ ಗೆರೆ, ಹೊಗೆಯ ಮಸಿ, ಎಡರೆಕ್ಕೆಯ ಅಡಿಯಲ್ಲಿ ಸೊಟ್ಟಗೆ ಕೂತ ಚೌಕದ ತೇಪೆ.

ಉಳಿದದ್ದು ಕೊಕ್ಕೆ. ಅಕ್ಕಿಕಾಳಿಗಿಂತ ತುಸು ಉದ್ದ. ಅದನ್ನು ಕಂಡರೆ ಅಕ್ಕ ಕೇಳದೆ ಬಿಡಳು. ಕೇಳಿದರೆ ಹೇಳಲೇಬೇಕು. ಹೇಳಿದರೆ ನಾಳೆಯಿಂದ ಮೆಟ್ಟಿಲ ಮೇಲೆ ಆ ಸಪ್ಪಳ ಇರದು. ಇಕ್ಕಳದಿಂದ ಜಾರಿ ಕೊಕ್ಕೆ ಎರಡು ಸಲ ನೆಲಕ್ಕೆ ಬಿತ್ತು. ಮಂಡಿಯೂರಿ ಹುಡುಕಿ, ಮೂರನೆಯ ಸಲ ಅಂಟಿಸಿಯೇ ಬಿಟ್ಟರು.

ಸಂಜೆ ಅಕ್ಕ ಡಬ್ಬಿಯೊಂದಿಗೆ ಬಂದಳು. "ನಿಮ್ಮ ಗೋಂದಿನ ವಾಸನೆ ಕೆಳಗಿನ ತನಕ ಬರ್ತಿದೆ ಸಾಹೇಬ್ರೇ. ಇವತ್ತೇನು ಹೊಸ ಮಸಾಲೆ ಅಂತ ಗಿರಾಕಿಗಳು ನನ್ನನ್ನ ಕೇಳ್ತಾರೆ."

ತಾತ ನಗಲಿಲ್ಲ. ವಿಮಾನವನ್ನು ಮುಂದೆ ಹಿಡಿದರು.

ಅಕ್ಕ ಡಬ್ಬಿ ಕೆಳಗಿಟ್ಟು, ಕೈ ಒರೆಸಿಕೊಂಡು ತೆಗೆದುಕೊಂಡಳು. "ಸೀಟೇ ಇಲ್ವಲ್ಲ. ನಮ್ಮಣ್ಣ ನಿಂತ್ಕೊಂಡು ಓಡಿಸ್ತಿದ್ನಾ?" ತಿರುಗಿಸಿದಳು. ಹೊಟ್ಟೆಯ ಮೇಲೆ ಅವಳ ಕಣ್ಣು ನೆಟ್ಟಿತು. "ಈ ಕಡೆ ಎಷ್ಟು ಚೆನ್ನಾಗಿ ಮಾಡಿದ್ದೀರಿ... ಇದೇನು, ಬಾಲಕ್ಕೆ ಕೊಕ್ಕೆ?"

"ಡೆಕ್ ಮೇಲೆ ಅಡ್ಡ ತಂತಿ ಇರುತ್ತಮ್ಮ. ಇಳಿಯೋವಾಗ ಅದಕ್ಕೆ ಸಿಕ್ಕಿಸಬೇಕು. ಹಡಗಿಗೆ ವಾಪಸ್ ಬರೋವಾಗ ಮಾತ್ರ ಅದನ್ನ ಇಳಿಸ್ತಾರೆ."

"ಅಣ್ಣ ವಾಪಸ್ ಬರಲಿಲ್ವಲ್ಲ."

"ಬಂದ. ಹಡಗಿನ ತನಕ ಬಂದ."

ಕೆಳಗೆ ಯಾರೋ ನೀರು ಕೇಳಿದರು. ಅಕ್ಕ ಓಗೊಡಲಿಲ್ಲ. ಅವಳ ಹೆಬ್ಬೆರಳು ರೆಕ್ಕೆಯಡಿಯ ತೇಪೆಯ ಮೇಲೆ ನಿಂತಿತ್ತು. "ಇದು ಕೆಳಗಿಂದ ನೋಡಿದೋರಿಗೆ ಮಾತ್ರ ಕಾಣೋದು" ಎಂದಳು ನಿಧಾನವಾಗಿ.

"ಹೂಂ. ನನಗೆ ಕಾಣೋ ಹೊತ್ತಿಗೆ ತಡವಾಗಿತ್ತು. ಸೂರ್ಯ ಅವನ ಬೆನ್ನಿಗಿದ್ದ. ಬರೀ ಕಪ್ಪು ಆಕಾರ. ಯಾರದು ಅಂತ ತಿಳೀಲಿಲ್ಲ, ಶತ್ರುದೇ ಅಂದ್ಕೊಂಡೆ." ತಾತ ನೆಲ ನೋಡಿದರು. "ನಾನು ಪೈಲಟ್ ಅಲ್ಲಮ್ಮ. ಹಡಗಿನ ಗನ್ ಹಿಂದೆ ಇದ್ದೋನು ನಾನು."

ಅಕ್ಕ ವಿಮಾನವನ್ನು ಮೇಜಿನ ಮೇಲಿಟ್ಟಳು. ನಿದ್ದೆಹೋದ ಕೂಸನ್ನು ಮಲಗಿಸಿದ ಹಾಗೆ. ಡಬ್ಬಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ತಾತ ದೀಪ ಹಾಕಲಿಲ್ಲ. ಕತ್ತಲಾಗುತ್ತಿದ್ದ ಕೋಣೆಯಲ್ಲಿ ಗೋಂದಿನ ವಾಸನೆ ಒಂದೇ ಉಳಿದಿತ್ತು.

ಬಹಳ ಹೊತ್ತಿನ ಮೇಲೆ ಮೆಟ್ಟಿಲು ಸದ್ದು ಮಾಡಿತು. ಅಕ್ಕ ಒಳಗೆ ಬಂದಳು. ಕಣ್ಣು ಊದಿತ್ತು. ಅವರ ಮುಖ ನೋಡಲಿಲ್ಲ.

"ಆರಿಹೋಗಿತ್ತು" ಎಂದು, ಹೊಗೆಯಾಡುವ ಡಬ್ಬಿಯನ್ನು ಬಟ್ಟೆ ಸುತ್ತಿ ಅವರ ಕೈಗಿಟ್ಟಳು.