ನೋವಿನ ಪಟ್ಟಿ

ಕೆಲಸಗಾರರ ನೋವನ್ನು ಕಾರ್ಖಾನೆಯ ಆಡಳಿತದವರೇ ಅನುಭವಿಸಬೇಕೆಂಬ ಕಾನೂನು ಬಂದ ವಾರದಲ್ಲೇ, ಮಾಲೀಕ ಜಯಚಂದ್ರ ಹೊಲಿಗೆಯ ಚೆಲುವಮ್ಮನಿಗೆ ಮ್ಯಾನೇಜರ್ ಎಂಬ ಹೆಸರು ಕೊಟ್ಟು, ಕೆಲಸಗಾರರ ನೋವನ್ನೆಲ್ಲ ಕಟ್ಟಿಕೊಂಡವರ ಮೈಗೆ ಹರಿಸುವ ನೋವಿನ ಪಟ್ಟಿಯನ್ನು ಅವಳ ಸೊಂಟಕ್ಕೆ ಬಿಗಿಸಿದ್ದ. ಮುನ್ನೂರು ಹೆಂಗಸರ ಬೆನ್ನುನೋವು, ತಡೆದಿಟ್ಟ ಮೂತ್ರದ ಉರಿ ಎಲ್ಲವೂ ಮೂರು ವರ್ಷದಿಂದ ಅವಳ ಪಾಲಿಗೇ ಬರುತ್ತಿತ್ತು.

ಅಂದು ತಪಾಸಣೆಗೆ ಬಂದ ಅಧಿಕಾರಿಯ ಎದುರು ಜಯಚಂದ್ರ, "ಇವರ ನೋವು ನಮ್ಮದೇ ನೋವು ಸಾರ್," ಎಂದು ಎದೆ ಮುಟ್ಟಿಕೊಂಡ.

ಚೆಲುವಮ್ಮನಿಗೆ ಹೇಸಿಗೆಯಾಯಿತು. ಪಟ್ಟಿ ಬಿಚ್ಚಿ ಅವನ ಮುಂದೆ ಹಿಡಿದು, "ಹಂಗಾದ್ರೆ ಒಂದ್ಗಳಿಗೆ ನೀವೇ ಕಟ್ಕಳಿ ಸಾರ್, ಸಾಹೇಬ್ರೂ ನೋಡ್ಲಿ," ಎಂದಳು.

ಅಧಿಕಾರಿ ನೋಡುತ್ತಿದ್ದುದರಿಂದ ಅವನು ಕಟ್ಟಿಕೊಳ್ಳಲೇಬೇಕಾಯಿತು. ಮರುಕ್ಷಣವೇ ಹೊಟ್ಟೆ ಹಿಡಿದು ಕುಸಿದು, "ಮಷೀನ್ ನಿಲ್ಸಿ, ಎಲ್ರನ್ನೂ ಹೊರಕ್ಕೆ ಬಿಡಿ," ಎಂದು ನರಳಿದ.

ಮುನ್ನೂರು ಹೆಂಗಸರೂ ಬಿದ್ದಿದ್ದ ಅವನನ್ನು ಸುತ್ತುಹಾಕಿ ಹೊರಗೆ ನಡೆದರು. ಪಟ್ಟಿ ಬಿಚ್ಚಿಕೊಡಲು ಒಬ್ಬರೂ ಬಗ್ಗಲಿಲ್ಲ.