ಡಬ್ಬಿಯೊಳಗಿನ ಚೀಟಿ

ಕುಂಕುಮದ ಬಟ್ಟಲು ಹಿಡಿದಿದ್ದ ಬಸಲಿಂಗವ್ವನ ಕೈ ತಟ್ಟೆಯಲ್ಲಿದ್ದ ಕೊನೆಯ ಸ್ಪ್ರಿಂಗಿನ ಮುಂದೆ ನಿಂತುಬಿಟ್ಟಿತು. ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ಗಂಡಹೆಂಡತಿ ನಡೆಸುವ ಸ್ಪ್ರಿಂಗ್ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಒಂದು ಪದ್ಧತಿ. ಯಂತ್ರಗಳ ಜೊತೆಗೆ ಆ ವರ್ಷ ಮಾಡಿದ ಒಂದೊಂದು ಬಗೆಯ ಮಾಲೂ ತಟ್ಟೆಯಲ್ಲಿ ಕೂರಬೇಕು. ಅದು ಎಲ್ಲಿಗೆ ಹೋಗುತ್ತದೆಂದು ಹೇಳಿಯೇ ಆಕೆ ಕುಂಕುಮ ಇಡಬೇಕು. ಬಸ್ಸಿನ ಬಾಗಿಲಿಗೆ, ಕೂಸಿನ ತಳ್ಳುಗಾಡಿಗೆ, ಆಸ್ಪತ್ರೆಯ ಮಂಚಕ್ಕೆ ಎಂದು ಹೇಳುತ್ತ ಬಂದವಳಿಗೆ, ಕಿರುಬೆರಳ ಉಗುರಿನಷ್ಟಿದ್ದ ಈ ಮಾಲು ಎಲ್ಲಿಗೆಂದು ತಿಳಿಯಲಿಲ್ಲ.

“ಇದು ಎಲ್ಲಿಗ್ರಿ?”

ಗಂಡ ಅಮೃತಪ್ಪ ಶೆಡ್ಡಿನ ಚಾವಣಿಯಲ್ಲಿ ಏನನ್ನೋ ಹುಡುಕತೊಡಗಿದ. ಬೆಳಗಾವಿಯ ಕಾರ್ಖಾನೆಯಲ್ಲಿ ಕೆಲಸ ಕಲಿತು, ಲಂಡನ್ನಿಗೆ ಬಂದು ಸ್ವಂತ ಶೆಡ್ಡು ಹಾಕಿದ ಮನುಷ್ಯ. ಕಾದ ಉಕ್ಕಿಗೆ ಹೆದರದವನು ಹೆಂಡತಿಯ ಪ್ರಶ್ನೆಗೆ ಹೆದರುತ್ತಿದ್ದ. ಉತ್ತರ ಕೊಟ್ಟವನು ಪಕ್ಕದಲ್ಲಿ ಕೋಟು ತೊಟ್ಟು ನಿಂತಿದ್ದ ಉದಯಶಂಕರ್, ಅಮೆರಿಕದ ಕಂಪನಿಯೊಂದಕ್ಕೆ ಬಿಡಿಭಾಗ ಹೊಂದಿಸಿಕೊಡುವ ಬೆಂಗಳೂರಿನ ಏಜೆಂಟ್.

“ಪಿಸ್ತೂಲಿನ ಟ್ರಿಗರ್‌ಗೆ ಅಮ್ಮಾ. ಸ್ಯಾಂಪಲ್ ಪಾಸಾಗಿದೆ. ನಿಮ್ಮಿಬ್ಬರ ಸೈನ್ ಆದ್ರೆ ಮುಗೀತು. ಆಯುಧಪೂಜೆ ದಿನವೇ ಆಯುಧದ ಆರ್ಡರ್, ಇನ್ನೇನು ಬೇಕು ಹೇಳಿ!”

ಅಗ್ಗದ ಸ್ಪ್ರಿಂಗುಗಳು ಹೊರಗಿನಿಂದ ಬರತೊಡಗಿದ ಮೇಲೆ ಶೆಡ್ಡಿನ ಎರಡು ಯಂತ್ರಗಳು ಆರು ತಿಂಗಳಿಂದ ತಿರುಗಿರಲಿಲ್ಲ. ಈ ಆರ್ಡರ್ ತಪ್ಪಿದರೆ ಬಾಗಿಲಿಗೆ ಬೀಗ ಬೀಳಬಹುದೆಂದು ಅಮೃತಪ್ಪ ವಾರದಿಂದ ಸರಿಯಾಗಿ ಉಂಡಿರಲಿಲ್ಲ. ಬಸಲಿಂಗವ್ವನಿಗೂ ಅದು ಗೊತ್ತಿತ್ತು. ಆದರೆ ಆಕೆ ಕಂಗೆಡುವ ಹೆಂಗಸಲ್ಲ. ಆಕೆಯ ಧೈರ್ಯವೆಲ್ಲ ತನ್ನ ಕಣ್ಣಿನ ಮೇಲೆ ಮತ್ತು ತನ್ನ ಚೀಟಿಯ ಮೇಲೆ. ಮಾಲು ತಾನೇ ನೋಡಿ, ಡಬ್ಬಿ ಮುಚ್ಚುವ ಮುಂಚೆ ಒಳಗೊಂದು ಚೀಟಿ ಇಡುವಳು: ‘ನೋಡಿ ಕಳಿಸಿದವಳು ಬಸಲಿಂಗವ್ವ’, ಕೆಳಗೆ ಫೋನ್ ನಂಬರು. ಹೋದ ವರ್ಷ ಒಬ್ಬ ನರ್ಸ್ ಆ ನಂಬರಿಗೆ ಫೋನ್ ಮಾಡಿ, ಮಂಚದ ಸ್ಪ್ರಿಂಗು ಮುರಿದು ಅಜ್ಜಿಯೊಬ್ಬಳು ಜಾರಿದಳೆಂದು ಬಾಯಿಗೆ ಬಂದಂತೆ ಬೈದಿದ್ದಳು. ಬಸಲಿಂಗವ್ವ ಪೂರ್ತಿ ಕೇಳಿಸಿಕೊಂಡು, ತಪ್ಪಾಯಿತೆಂದು ಹೇಳಿ, ಅದೇ ತಂತಿಯಿಂದ ಮಾಡಿದ ಮಾಲನ್ನೆಲ್ಲ ವಾಪಸು ತರಿಸಿ ಗುಜರಿಗೆ ಹಾಕಿದ್ದಳು.

“ಆತು. ಒಂದೊಂದು ಪಿಸ್ತೂಲಿನ ಡಬ್ಬ್ಯಾಗೂ ನನ್ನ ಚೀಟಿ ಹಾಕಸ್ರಿ, ಈಗ ಸಹಿ ಮಾಡ್ತೀನಿ,” ಎಂದಳು.

ಉದಯಶಂಕರ್ ನಕ್ಕ. “ಅಯ್ಯೋ, ಹೆಸರು ನಂಬರ್ ಎಲ್ಲಾ ಬೇಡ ಅಂದಿದಾರೆ ಕಂಪನಿಯೋರು ಅಮ್ಮಾ. ನಿಮಗೆ ಭಯಾನೇ ಬೇಡ. 2005ರಲ್ಲೇ ಅಮೆರಿಕದಲ್ಲಿ ಕಾನೂನಾಗಿದೆ. ಯಾರೋ ಪಿಸ್ತೂಲಿಂದ ಯಾರನ್ನೋ ಕೊಂದ್ರೆ, ಸತ್ತವರ ಮನೆಯೋರು ಅದನ್ನ ಮಾಡಿದ ಕಂಪನಿ ಮೇಲಾಗಲಿ, ಮಾರಿದ ಅಂಗಡಿ ಮೇಲಾಗಲಿ ಪರಿಹಾರಕ್ಕೆ ಕೇಸ್ ಹಾಕೋ ಹಾಗಿಲ್ಲ. ಬಿಡಿಭಾಗ ಮಾಡೋರಿಗೂ ಅದೇ ರಕ್ಷಣೆ. ಮಾಲೇ ಕೆಟ್ಟದಾಗಿದ್ದು ಏಟಾದ್ರೆ, ಆ ಮಾತು ಬೇರೆ.”

ಬಸಲಿಂಗವ್ವ ಆ ಪುಟ್ಟ ಸ್ಪ್ರಿಂಗನ್ನು ಎತ್ತಿ ಎರಡು ಬೆರಳ ನಡುವೆ ಒತ್ತಿ ಬಿಟ್ಟಳು. ಅದು ತಟ್ಟನೆ ಪುಟಿದು ನಿಂತಿತು. ಗಂಡನ ಕೈಕೆಲಸಕ್ಕೆ ಆಕೆಗೆ ಹೆಮ್ಮೆಯಾಯಿತು.

“ನಮ್ಮ ಮಾಲು ಕೆಡಂಗಿಲ್ರಿ,” ಎಂದಳು. “ಅಂದ್ರ, ಸ್ಪ್ರಿಂಗು ಕೆಟ್ಟು ಒಬ್ಬರ ಬೆರಳು ಹೋದ್ರ ಕೇಳಬಹುದು. ಚಲೋತ್ನಂಗ ಕೆಲಸ ಮಾಡಿ ಒಬ್ಬರ ಜೀವ ಹೋದ್ರ ಯಾರೂ ಕೇಳಂಗಿಲ್ಲ. ಹೌದಿಲ್ಲೋ?”

“ಕಾನೂನು ಇರೋದು ಹಾಗೆ ಅಮ್ಮಾ.”

“ಇರ್ಲಿ. ಕೇಸ್ ಹಾಕಾಕ ಬರಂಗಿಲ್ಲ ಅಂದ ಮ್ಯಾಲ ನನ್ನ ಚೀಟಿಗೆ ಅವರಿಗ್ಯಾಕ ಅಂಜಿಕಿ? ಬಾಳ ಅಂದ್ರ ಒಬ್ಬಾಕಿ ತಾಯಿ ಫೋನ್ ಮಾಡ್ಯಾಳು. ಫೋನ್ ಎತ್ತಾಕಿ ನಾನು.”

ಉದಯಶಂಕರ್ ಸಹಾಯಕ್ಕೆಂದು ಅಮೃತಪ್ಪನ ಮುಖ ನೋಡಿದ. ಅವನು ಮತ್ತೆ ಚಾವಣಿ ನೋಡುತ್ತಿದ್ದ. “ಆಯ್ತು, ಫೋನ್ ಬಂತು ಅಂತಲೇ ಇಟ್ಕೊಳ್ಳಿ,” ಎಂದ ಕೊಂಚ ಬಿಸಿಯಾಗಿ. “ಮಗನ್ನ ಕಳಕೊಂಡ ಆ ತಾಯಿಗೆ ನೀವೇನು ಹೇಳ್ತೀರಾ?”

ಬಸಲಿಂಗವ್ವ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಆ ನರ್ಸಿಗೆ ಹೇಳಿದ ಒಂದು ಮಾತೂ ಇಲ್ಲಿ ಒದಗುವಂತಿರಲಿಲ್ಲ.

“ಏನೂ ಹೇಳಾಕ ಬರಂಗಿಲ್ರಿ ನನಗ. ಅದಕ್ಕ, ಈ ಮಾಲಿಗೆ ಕುಂಕುಮ ಹಚ್ಚಂಗಿಲ್ಲ, ಸಹಿನೂ ಮಾಡಂಗಿಲ್ಲ.”

ಸ್ಪ್ರಿಂಗನ್ನು ಉದಯಶಂಕರ್‌ನ ಒಂದು ಅಂಗೈಯಲ್ಲಿಟ್ಟು, ಇನ್ನೊಂದಕ್ಕೆ ಬಾಳೆಹಣ್ಣು, ಕೊಬ್ಬರಿ ಕೊಟ್ಟಳು. “ನಾಳಿಗೆ ಊಟಕ್ಕ ಮನೀಗೆ ಬರ್ರಿ. ಹೋಳಿಗಿ ಮಾಡ್ತೀನಿ,” ಎಂದಳು. ಅವನ ಕಾರು ತಿರುವು ದಾಟುವವರೆಗೂ ಅಮೃತಪ್ಪ ಬಾಗಿಲಲ್ಲೇ ನಿಂತಿದ್ದ.

“ಮುಂದಿನ ವರ್ಷ ಪೂಜಿ ಮಾಡಾಕ ಶೆಡ್ ಇರಬೇಕಲ್ಲ?” ಎಂದ. ದನಿಯಲ್ಲಿ ಸಿಟ್ಟಿಗಿಂತ ಸಂಕಟವಿತ್ತು.

“ಇರ್ತೈತ್ರಿ. ಹಬ್ಬ ಮುಗೀಲಿ, ನಾನ ಬಸ್ ಡಿಪೊಗೊಳಿಗೆ ಹೋಗಿ ಕೇಳ್ತೀನಿ. ನಿಂತ ಯಂತ್ರ ತಿರುಗಸೂ ಜವಾಬ್ದಾರಿ ನಂದು.”

ಹಾಗೆಂದವಳೇ ಬಟ್ಟಲು ಎತ್ತಿಕೊಂಡು, ಮಾಲು ಪರೀಕ್ಷಿಸುವ ತನ್ನ ಮೇಜಿನ ಹತ್ತಿರ ಹೋದಳು. ಅಲ್ಲಿದ್ದ, ಚೀಟಿಯಲ್ಲಿ ನಂಬರು ಬರೆಯುವ ಹಳೆಯ ಫೋನಿನ ಧೂಳು ಸೆರಗಿನಿಂದ ಒರೆಸಿ, ಮೂರೆಳೆ ವಿಭೂತಿ ಹಚ್ಚಿ, ನಡುವೆ ದೊಡ್ಡದಾಗಿ ಕುಂಕುಮ ಇಟ್ಟಳು. ಯಂತ್ರಗಳಿಗೆ ಮುಡಿಸಿ ಉಳಿದಿದ್ದ ಒಂದು ಚೆಂಡುಹೂವನ್ನೂ ಸಿಕ್ಕಿಸಿದಳು.

“ಅದು ಎಲ್ಲಿಗೆ?” ಎಂದು ಕೇಳಿದ ಅಮೃತಪ್ಪ.

ಬಸಲಿಂಗವ್ವ ಕುಂಕುಮದ ಬೆರಳಿನಿಂದ ತನ್ನ ಕಿವಿ ಮುಟ್ಟಿ ತೋರಿಸಿದಳು.